ತಟ್ಟೆ ಬಿದ್ದಾಗ ಅಲ್ಲಾಡಬಾರದು

ಮನೆ ಬದಲಾಯಿಸುವವರ ಸಾಮಾನು ಕಟ್ಟಿಕೊಡುವುದು ನನ್ನ ಕೆಲಸ. ಅದರಲ್ಲೂ ಗಾಜು, ಪಿಂಗಾಣಿ ನನ್ನ ಪಾಲಿಗೆ. ಬೀರು, ಮಂಚ ಹೊರುವವರು ಬೇರೆ ಇದ್ದಾರೆ; ಅವರಿಗೆ ಭುಜ ಇದ್ದರೆ ಸಾಕು. ನನ್ನ ಕೆಲಸಕ್ಕೆ ಬೆರಳೂ ಬೇಕು, ತಾಳ್ಮೆಯೂ ಬೇಕು. ಬೆರಳು ಹುಟ್ಟಿನಿಂದ ಬಂದಿದೆ. ತಾಳ್ಮೆ ಬೆಳಿಗ್ಗೆ ಎಂಟಕ್ಕೆ ಬಂದು ಸಂಜೆ ಆರಕ್ಕೆ ಹೊರಟುಹೋಗುತ್ತದೆ. ಎಂಟನೇ ಕ್ಲಾಸಿನಲ್ಲಿ ಶಾಲೆ ಬಿಟ್ಟವನು ನಾನು, ಬಿಟ್ಟದ್ದೂ ಸಿಟ್ಟಿನಲ್ಲೇ. ಆದರೆ ಏಳು ವರ್ಷದಲ್ಲಿ ನನ್ನ ಕೈಯಿಂದ ಒಂದು ಸಾಸರ್ ಕೂಡ ಜಾರಿಲ್ಲ. ದೊಡ್ಡ ದೊಡ್ಡ ಡಿಗ್ರಿ ಮಾಡಿದವರಲ್ಲಿ ಎಷ್ಟು ಜನ ಈ ಮಾತು ಹೇಳಬಲ್ಲರು, ಕೇಳಿ ನೋಡಿ.

ಆ ದಿನ ಒಬ್ಬ ದಂತವೈದ್ಯೆಯ ಮನೆ ಖಾಲಿ ಮಾಡಿಸುತ್ತಿದ್ದೆವು. ನಾನು ಅಡುಗೆಮನೆಯಲ್ಲಿ ಕೂತು ಬಟ್ಟಲುಗಳಿಗೆ ಹಳೇ ಪೇಪರ್ ಸುತ್ತುತ್ತಿದ್ದೆ. ಎದುರಿಗೆ ಅವರ ಮಗು. ಎರಡೂವರೆ ವರ್ಷ ಇರಬಹುದು. ಅದು ಪಿಂಗಾಣಿ ತಟ್ಟೆಯಲ್ಲಿ ಊಟ ಮಾಡುತ್ತಿತ್ತು. ಗಾಜಿನ ಲೋಟದಲ್ಲಿ ನೀರು ಕುಡಿಯುತ್ತಿತ್ತು. ಅದು ಲೋಟ ಎತ್ತಿದಾಗಲೆಲ್ಲ ನನ್ನ ಎರಡೂ ಕೈ ತಾವಾಗಿಯೇ ಅದರ ಕೆಳಗೆ ಹೋಗುತ್ತಿದ್ದವು.

"ಗಾಬರಿ ಆಗ್ಬೇಡಿ," ಅಂದರು ದಂತವೈದ್ಯೆ. "ನಮ್ಮನೇಲಿ ಮಕ್ಕಳಿಗೆ ಪ್ಲಾಸ್ಟಿಕ್ ಕೊಡೋದೇ ಇಲ್ಲ. ಒಡೆಯೋ ವಸ್ತು ಕೊಟ್ರೇನೇ ಕೈಗೆ ಬುದ್ಧಿ ಬರೋದು. ನಿಮ್ಮನೇಲಿ ಏನು ಕೊಡ್ತೀರ?"

ಸುಮ್ಮನೆ ಮಾತಿಗೆ ಕೇಳಿದ್ದು ಅಷ್ಟೇ. ನಾನು "ಏನೋ ಒಂದು ಕೊಡ್ತೀವಿ" ಅಂದಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ.

"ನಮ್ಮನೇಲೂ ಪಿಂಗಾಣಿನೇ ಮೇಡಂ. ಹುಟ್ಟಿದಾಗಿನಿಂದ."

ಬಾಗಿಲಲ್ಲಿ ಬೀರು ಹೊತ್ತಿದ್ದ ಮೇಸ್ತ್ರಿ ನಮ್ಮ ಮನೆಗೆ ಎಷ್ಟೋ ಸಲ ಊಟಕ್ಕೆ ಬಂದವನು. ಅವನು ಬೀರನ್ನು ಅಲ್ಲೇ ಕೆಳಗಿಟ್ಟು, ನನ್ನ ಮುಖವನ್ನು ಚೆನ್ನಾಗಿ ನೋಡಿ, ಮತ್ತೆ ಹೊತ್ತುಕೊಂಡ.

ಸಂಜೆ ಮನೆಗೆ ಬಂದೆ. ಐದು ವರ್ಷದ ಮಗಳು ಮತ್ತು ಮೂರು ವರ್ಷದ ಮಗ ಊಟದ ಮೇಜಿನ ಎರಡು ಕಡೆ ಕೂತಿದ್ದರು. ಮುಂದೆ ಬಾತುಕೋಳಿ ಚಿತ್ರದ ಎರಡು ಹಳದಿ ಪ್ಲಾಸ್ಟಿಕ್ ತಟ್ಟೆ. ಮಗ ತನ್ನ ಬಾತುಕೋಳಿಯ ಕೊಕ್ಕನ್ನು ಅಂಚಿನ ಸಮೇತ ಕಚ್ಚಿ ತಿಂದಾಗಿತ್ತು. ಇಷ್ಟು ದಿನ ನೋಡಿದ ತಟ್ಟೆಯೇ. ಇವತ್ತು ನೋಡಿದರೆ ರಕ್ತ ಕುದಿಯಿತು. ಊರಿನ ಪಿಂಗಾಣಿಯೆಲ್ಲ ಯಾರ ಕೈಯಲ್ಲಿ ಸುರಕ್ಷಿತವೋ ಅವನ ಮಕ್ಕಳು ಪ್ಲಾಸ್ಟಿಕ್ ಮೇಯಬೇಕೆ.

"ನಾಳೆಯಿಂದ ಇವರಿಗೆ ಪಿಂಗಾಣಿ ತಟ್ಟೆ," ಅಂದೆ.

ಹೆಂಡತಿ ಒಲೆ ಕಡೆಯಿಂದ ತಿರುಗಲಿಲ್ಲ. "ಯಾರು ಏನಂದ್ರು ನಿಮಗೆ?"

"ಯಾರು ಏನನ್ಬೇಕು? ಎಲ್ಲಾ ನನ್ನ ಸ್ವಂತ ಯೋಚನೆ."

"ಸ್ಟೀಲ್ ತಟ್ಟೆ ಕೊಟ್ರಾಯ್ತಪ್ಪ."

"ಸ್ಟೀಲು ಪ್ಲಾಸ್ಟಿಕ್ಕಿನ ಅಣ್ಣ. ಬಿದ್ರೆ ಸ್ವಲ್ಪ ಜಾಸ್ತಿ ಸದ್ದು ಮಾಡುತ್ತೆ, ಅಷ್ಟೇ. ಕೈಗೆ ಬುದ್ಧಿ ಬರಲ್ಲ."

"ಚಿಕ್ಕೋನು ಮೊನ್ನೆ ಚಪ್ಪಲಿನೇ ಒಡೆದ. ಚಪ್ಪಲಿ ಹೇಗೆ ಒಡೆಯುತ್ತೆ ಅಂತ ನನಗಿನ್ನೂ ಗೊತ್ತಾಗಿಲ್ಲ."

ಆದರೂ ಅವಳು ಬೇಡ ಅನ್ನಲಿಲ್ಲ. ತಟ್ಟೆಗೆ ನಮ್ಮಲ್ಲಿ ಬರ ಇರಲಿಲ್ಲ. ಮನೆ ಬಿಟ್ಟು ಹೋಗುವವರು ಜೋಡಿ ತಪ್ಪಿದ ತಟ್ಟೆಗಳನ್ನು ಹೊತ್ತುಕೊಂಡು ಹೋಗುವುದಿಲ್ಲ. "ನೀವೇ ಇಟ್ಕೊಳ್ಳಿ" ಅನ್ನುತ್ತಾರೆ. ಹಾಗೆ ಏಳು ವರ್ಷದಲ್ಲಿ ಅಟ್ಟದ ಮೇಲೆ ಹದಿನೇಳು ತಟ್ಟೆ, ಒಂಬತ್ತು ಕಪ್ ಸೇರಿದ್ದವು. ಒಂದರಂತೆ ಇನ್ನೊಂದಿಲ್ಲ. ಗುಲಾಬಿ ಅಂಚಿನದು, ನೀಲಿ ಗೆರೆಯದು, ಯಾವುದೋ ಹೋಟೆಲಿನ ಮೊಹರಿನದು.

ಇಲ್ಲಿ ನನ್ನ ಮಾವನ ವಿಷಯ ಹೇಳಿಬಿಡಬೇಕು. ತೂಕ ಮತ್ತು ಅಳತೆಯ ಇಲಾಖೆಯಲ್ಲಿ ಇನ್‌ಸ್ಪೆಕ್ಟರ್ ಆಗಿ ನಿವೃತ್ತರಾದವರು. ಅಂಗಡಿಯವರ ತಕ್ಕಡಿ ಎತ್ತಿ ಎತ್ತಿ ನೋಡಿ, ಮನುಷ್ಯರನ್ನೂ ಹಾಗೇ ನೋಡುವುದು ರೂಢಿಯಾಗಿದೆ. ನನ್ನನ್ನು ನೋಡಿದ ದಿನವೇ ಕಡಿಮೆ ತೂಕ ಎಂದು ತೀರ್ಮಾನಿಸಿದರು. ಮಗಳ ಹಟಕ್ಕೆ ಮದುವೆಗೆ ಒಪ್ಪಿದರೂ ಒಂದು ಷರತ್ತು ಹಾಕಿದರು: "ನಿನ್ನ ಸಿಟ್ಟಿನ ಬಗ್ಗೆ ಹೊರಗಿನವರ ಬಾಯಿಂದ ಒಂದೇ ಒಂದು ದೂರು ನನ್ನ ಕಿವಿಗೆ ಬೀಳಲಿ, ಅವತ್ತೇ ಬಂದು ಮಗಳನ್ನ ಕರ್ಕೊಂಡು ಹೋಗ್ತೀನಿ. ಎರಡನೇದಕ್ಕೆ ಕಾಯಲ್ಲ." ಆರು ವರ್ಷ ಕಳೆದವು, ದೂರು ಬಂದಿಲ್ಲ. ನಾನು ಜಗಳವಾಡಲಿಲ್ಲ ಅಂತಲ್ಲ. ಬಸ್ಸಿನಲ್ಲಿ, ಬ್ಯಾಂಕಿನಲ್ಲಿ, ಆಸ್ಪತ್ರೆಯ ಸಾಲಿನಲ್ಲಿ, ಎಲ್ಲ ಕಡೆ ಆಡಿದ್ದೇನೆ. ಆದರೆ ಆಡುವ ಮೊದಲು ಸುತ್ತಮುತ್ತ ಮಾವನ ಪರಿಚಯದವರು ಯಾರೂ ಇಲ್ಲವೆಂದು ಖಾತ್ರಿ ಮಾಡಿಕೊಂಡಿದ್ದೇನೆ. ಹೆಂಡತಿ ಮಕ್ಕಳ ಮೇಲೆ ನನಗಿರುವ ಕಾಳಜಿ ಅಂಥದ್ದು.

ಮರುದಿನ ಸಂಜೆ ಏಳೂವರೆಗೆ ಮೊದಲ ಪಿಂಗಾಣಿ ಊಟ. ಮಕ್ಕಳಿಗೆ ಎರಡು ಕೈಯಲ್ಲಿ ತಟ್ಟೆ ಹಿಡಿಯುವುದನ್ನು ತೋರಿಸಿದೆ. ಹೆಬ್ಬೆರಳು ಮೇಲೆ, ನಾಲ್ಕು ಬೆರಳು ಕೆಳಗೆ, ಮೊಣಕೈ ಹೊಟ್ಟೆಗೆ ಅಂಟಿಕೊಂಡು. ಹೊಸದಾಗಿ ಕೆಲಸಕ್ಕೆ ಸೇರಿದವರಿಗೂ ನಾನು ಹೇಳಿಕೊಡುವುದು ಹೀಗೆಯೇ. ಮಗಳು ಗಂಭೀರವಾಗಿ ಕಲಿತಳು. ಮಗ ನಾಲ್ಕನೇ ತುತ್ತಿಗೆ ಗುಲಾಬಿ ಅಂಚಿನ ತಟ್ಟೆಯನ್ನು ಮೇಜಿನಾಚೆ ತಳ್ಳಿ, ಅದು ಎಲ್ಲಿ ಹೋಯಿತೆಂದು ಬಗ್ಗಿ ನೋಡಿದ.

ನಮ್ಮ ಕೆಲಸದಲ್ಲಿ ಒಂದು ಕಟ್ಟುನಿಟ್ಟು ಇದೆ. ಏನೇ ಒಡೆದರೂ ಕಂಡವನು ಗಟ್ಟಿಯಾಗಿ ಕೂಗಬೇಕು: ಯಾರೂ ಅಲ್ಲಾಡಬೇಡಿ. ಕೂಗು ಬಿದ್ದ ಕೂಡಲೇ ಮನೆಯಲ್ಲಿರುವವರೆಲ್ಲ ಹೇಗಿದ್ದರೋ ಹಾಗೇ ನಿಲ್ಲಬೇಕು. ಮಾತಾಡಬಾರದು, ಮಾತಾಡಿದರೆ ತಲೆ ತಿರುಗುತ್ತದೆ, ತಲೆಯ ಹಿಂದೆ ಕಾಲೂ ತಿರುಗುತ್ತದೆ. ಚಪ್ಪಲಿ ಮೆಟ್ಟಿದವನು ಒಬ್ಬನೇ ಗುಡಿಸಬೇಕು. ಅವನು "ಆಯ್ತು" ಅನ್ನುವವರೆಗೂ ಯಾರೂ ಕಾಲೆತ್ತುವಂತಿಲ್ಲ. ಒಮ್ಮೆ ಒಂದು ಹೂಜಿ ಒಡೆದಾಗ, ಮೆಟ್ಟಿಲ ಮೇಲೆ ಫ್ರಿಜ್ ಹೊತ್ತಿದ್ದ ಇಬ್ಬರು ಹನ್ನೊಂದು ನಿಮಿಷ ಹಾಗೇ ನಿಂತಿದ್ದರು. ಅದರಲ್ಲಿ ಒಬ್ಬ ಮರುದಿನ ಕೆಲಸ ಬಿಟ್ಟ. ಆದರೆ ಯಾರ ಕಾಲೂ ಕುಯ್ದುಹೋಗಲಿಲ್ಲ.

ನಾನು ಕೂಗಿದೆ. ಮೂವರೂ ಗೊಂಬೆಗಳಾದರು. ಮಗಳ ಕೈ ಬಾಯಿಯ ಹತ್ತಿರವೇ ನಿಂತಿತು. ಹೆಂಡತಿ ಸೌಟು ಎತ್ತಿದವಳು ಹಾಗೇ ಉಳಿದಳು. ನಾನು ಚಪ್ಪಲಿ ಹಾಕಿ, ಗುಡಿಸಿ, ಒದ್ದೆ ಬಟ್ಟೆಯಲ್ಲಿ ಒರೆಸಿ, ಹಿಟ್ಟಿನ ಉಂಡೆಯನ್ನು ನೆಲಕ್ಕೆ ಒತ್ತಿ ಒತ್ತಿ ಸಣ್ಣ ಚೂರುಗಳನ್ನೂ ತೆಗೆದೆ. "ಆಯ್ತು" ಅಂದೆ. ಮಗ ಚಪ್ಪಾಳೆ ತಟ್ಟಿದ. ಅವನಿಗೆ ಇಷ್ಟು ಒಳ್ಳೆಯ ಆಟ ಇದುವರೆಗೆ ಯಾರೂ ಆಡಿಸಿರಲಿಲ್ಲ. ಅವನ ಮುಂದೆ ನೀಲಿ ಗೆರೆಯ ತಟ್ಟೆ ಇಟ್ಟೆ.

ನೀಲಿ ಗೆರೆ ಮರುದಿನ ಹೋಯಿತು. ಹೋಟೆಲಿನ ಮೊಹರು ಅದರ ಮರುದಿನ. ಒಂದು ಸಂಜೆ ಎರಡು ಹೋದವು, ಒಂದು ಮಗಳ ಕೈಯಿಂದ. ಅವಳು ತಮ್ಮನಿಗೆ ಸರಿಯಾಗಿ ಹಿಡಿಯುವುದು ಹೇಗೆಂದು ತೋರಿಸುತ್ತಿದ್ದಳು.

ಒಳಗಿದ್ದ ನಮಗೆ ಇದು ಹೀಗೆ ಕಾಣುತ್ತಿತ್ತು. ನಮ್ಮ ಕೆಳಗಿನ ಮನೆಯಲ್ಲಿ ಇರುವವರು ಟೈಲರ್ ಅಕ್ಕ. ಒಂಟಿ ಹೆಂಗಸು, ಒಳ್ಳೆಯವರು. ಅವರ ಹೊಲಿಗೆ ಮಿಷನ್ನು ನಮ್ಮ ಊಟದ ಮೇಜಿನ ನೇರ ಕೆಳಗಿದೆ. ಅವರಿಗೆ ಕಾಣುವುದು ಸೂರು ಮಾತ್ರ. ಸೂರಿನಿಂದ ದಿನಾ ಏಳೂವರೆಗೆ ಕೇಳುತ್ತಿದ್ದದ್ದು ಇಷ್ಟು: ಏನೋ ಒಡೆದ ಸದ್ದು. ಗಂಡಸೊಬ್ಬ "ಯಾರೂ ಅಲ್ಲಾಡಬೇಡಿ" ಎಂದು ಅಬ್ಬರಿಸುವುದು. ಆಮೇಲೆ ಹತ್ತು ನಿಮಿಷ ಹೆಂಗಸಿನ ಸದ್ದೂ ಇಲ್ಲ, ಮಕ್ಕಳ ಸದ್ದೂ ಇಲ್ಲ. ಬರೀ ಪೊರಕೆ.

ಐದನೇ ದಿನ ಅವರು ನನ್ನ ಹೆಂಡತಿಯನ್ನು ಮೆಟ್ಟಿಲಲ್ಲಿ ತಡೆದರು.

"ಒಂದು ಮಾತು ಕೇಳ್ತೀನಿ, ಬೇಜಾರು ಮಾಡ್ಕೋಬೇಡಮ್ಮ. ದಿನಾ ಸಂಜೆ ಸದ್ದು ಕೇಳುತ್ತೆ."

"ಅಯ್ಯೋ, ನಿಮಗೂ ತೊಂದ್ರೆ ಆಯ್ತಾ ಅಕ್ಕ. ಇನ್ನೊಂದು ವಾರ ಸಹಿಸ್ಕೊಳ್ಳಿ. ಅಭ್ಯಾಸ ಆಗೋವರೆಗೂ ಅಷ್ಟೇ."

"ಅಭ್ಯಾಸ ಮಾಡ್ಕೊಳ್ಳೋ ಅಂಥದ್ದಾ ಇದು?"

"ಮೊದಮೊದಲು ನನಗೂ ಎದೆ ಧಸಕ್ ಅಂತಿತ್ತು. ಈಗ ಏನೂ ಅನ್ಸಲ್ಲ. ಮಕ್ಕಳ ಒಳ್ಳೇದಕ್ಕೆ ತಾನೇ ಅವರು ಮಾಡ್ತಿರೋದು."

ಟೈಲರ್ ಅಕ್ಕ ಗೋಡೆ ಹಿಡಿದುಕೊಂಡರಂತೆ. "ನನ್ನ ಬಾಗಿಲು ಯಾವಾಗ್ಲೂ ತೆಗ್ದಿರುತ್ತೆ. ಯಾವ ಹೊತ್ತಿಗಾದ್ರೂ ಸರಿ, ಮಕ್ಕಳನ್ನ ಎತ್ಕೊಂಡು ಬಂದುಬಿಡು."

"ಬರ್ತೀನಿ ಅಕ್ಕ. ದೊಡ್ಡೋಳಿಗೆ ಎರಡು ಫ್ರಾಕು ಹೊಲಿಸ್ಬೇಕು."

ಅಳತೆ ಕೊಡಲು ಹೋದ ಮಗಳನ್ನು ಟೈಲರ್ ಅಕ್ಕ ಟೇಪು ಹಿಡಿದುಕೊಂಡೇ ವಿಚಾರಿಸಿದರು. ಅದನ್ನು ಮಗಳೇ ಮನೆಗೆ ಬಂದು ಹೆಮ್ಮೆಯಿಂದ ಒಪ್ಪಿಸಿದಳು.

"ನಾನು ಎಲ್ಲಾ ಸರಿಯಾಗಿ ಹೇಳ್ದೆ ಅಪ್ಪ. ಅಪ್ಪ ಅಲ್ಲಾಡಬೇಡ ಅಂದ್ರೆ ನಾವ್ಯಾರೂ ಅಲ್ಲಾಡಲ್ಲ, ಅಮ್ಮನೂ ಅಲ್ಲಾಡಲ್ಲ, ತಮ್ಮ ಅಲ್ಲಾಡಿದ್ರೆ ರಕ್ತ ಬರುತ್ತೆ ಅಂದೆ."

"ಜಾಣೆ," ಅಂದೆ.

ಇಷ್ಟರಲ್ಲಿ ನಮ್ಮ ಕಟ್ಟಡದ ಸೆಕ್ರೆಟರಿ ನನ್ನನ್ನು ಕಸದ ಡಬ್ಬದ ಹತ್ತಿರ ನಿಲ್ಲಿಸಿದರು. ಇವರು ನಿವೃತ್ತ ಪೋಸ್ಟ್‌ಮಾಸ್ಟರು. ಬೇರೆಯವರ ಪಾರ್ಸೆಲ್ಲು ಕಂಡರೆ ಕೈ ಸುಮ್ಮನಿರುವುದಿಲ್ಲ. ನಾನು ಒಡೆದ ಚೂರುಗಳನ್ನು ಹಾಗೇ ಎಸೆಯುವವನಲ್ಲ. ದಿನದ ಚೂರನ್ನು ದಿನವೇ ಪೇಪರಿನಲ್ಲಿ ಸುತ್ತಿ, ರಟ್ಟಿನ ಪೆಟ್ಟಿಗೆಯಲ್ಲಿಟ್ಟು, ಟೇಪು ಹಾಕಿ, ತಾರೀಖು ಬರೆದು, ಮೇಲೊಂದು 'ಜೋಪಾನ' ಚೀಟಿ ಅಂಟಿಸುತ್ತೇನೆ. ಸೆಕ್ರೆಟರಿ ಕೈಯಲ್ಲಿ ಅಂಥ ಆರು ಪೆಟ್ಟಿಗೆ ಇದ್ದವು.

"ಏನ್ರೀ ಇದು? ಒಡೆದು ಚೂರಾಗಿರೋದಕ್ಕೆ ಜೋಪಾನ ಅಂತ ಅಂಟಿಸಿದ್ದೀರಿ."

"ಒಡೀದೆ ಇರೋದು ಕೈ ಕುಯ್ಯುತ್ತೇನ್ರೀ? ಒಡೆದದ್ದೇ ಕುಯ್ಯೋದು."

"ದಿನಕ್ಕೊಂದು ಪೆಟ್ಟಿಗೆ. ಮನೇಲಿ ಏನಾದ್ರೂ ಸಮಸ್ಯೆ ಇದೆಯಾ?"

"ಮಕ್ಕಳಿಗೆ ಬುದ್ಧಿ ಕಲಿಸ್ತಾ ಇದ್ದೀನಿ. ಅದೂ ನಿಮ್ಮನ್ನ ಕೇಳಿ ಕಲಿಸ್ಬೇಕಾ?"

ಅವರು ಎರಡು ಹೆಜ್ಜೆ ಹಿಂದೆ ಸರಿದರು. "ಹೆಂಡ್ತಿ ಏನೂ ಅನ್ನಲ್ವಾ?"

"ಅವಳಿಗೂ ಈಗ ಅಭ್ಯಾಸ ಆಗಿದೆ. ಉಸಿರೆತ್ತಲ್ಲ," ಎಂದು ನಾನು ಗಟ್ಟಿಯಾಗಿ ಹೇಳಿ, ಮೆಟ್ಟಿಲು ಹತ್ತಿದೆ. ಗಟ್ಟಿಯಾಗಿ ಹೇಳಬಾರದಿತ್ತು ಎಂದು ಈಗ ಅನಿಸುತ್ತದೆ. ಮೆತ್ತಗೆ ಹೇಳಿದ್ದರೂ ಇದೇ ಆಗುತ್ತಿತ್ತು ಎಂದೂ ಅನಿಸುತ್ತದೆ.

ಸಮಾಧಾನದ ಸಂಗತಿಯೆಂದರೆ, ಒಡೆಯುವುದು ನಿಂತಿತು. ಹತ್ತನೇ ದಿನ ಏನೂ ಬೀಳಲಿಲ್ಲ. ಹನ್ನೊಂದನೇ ದಿನವೂ ಇಲ್ಲ. ಮಗ ಉಂಡ ತಟ್ಟೆಯನ್ನು ಹೆಬ್ಬೆರಳು ಮೇಲೆ, ನಾಲ್ಕು ಬೆರಳು ಕೆಳಗೆ ಹಿಡಿದು, ನಾಲಿಗೆ ಹೊರಗಿಟ್ಟುಕೊಂಡು, ಮೇಜಿನಿಂದ ಸಿಂಕಿನವರೆಗೆ ನಡೆದ. ಏಳು ಹೆಜ್ಜೆ. ನಾನು ಏಳೂ ಹೆಜ್ಜೆ ಉಸಿರು ಬಿಡಲಿಲ್ಲ. ಇನ್ನು ಏಳು ತಟ್ಟೆ ಉಳಿದಿದ್ದವು.

ಆ ಹೊತ್ತಿಗೆ ಹೆಂಡತಿಯ ಫೋನ್ ರಿಂಗಾಯಿತು. ಅವಳು ಮಾತಾಡಿ ಬಂದು ನಿಂತಳು.

"ಅಪ್ಪ. ಭಾನುವಾರ ಬರ್ತಾರಂತೆ. ಮಕ್ಕಳನ್ನ ಅವನು ಹೇಗೆ ಇಟ್ಟಿದ್ದಾನೆ ಅನ್ನೋದು ಎಲ್ಲಾ ಗೊತ್ತಾಯ್ತು ಅಂದ್ರು. ಏನು ಗೊತ್ತಾಯ್ತು ಅಂದ್ರೆ ಹೇಳಲಿಲ್ಲ. ನಮ್ಮನೇಲಿ ದೊಡ್ಡ ಸೂಟ್‌ಕೇಸ್ ಇದೆಯಾ ಅಂತ ಕೇಳಿದ್ರು."

ದೂರು. ಆರು ವರ್ಷದ ಮೇಲೆ ದೂರು ಹೋಗಿದೆ. ಯಾರು ಕೊಟ್ಟಿರಬಹುದು ಎಂದು ಯೋಚಿಸಲು ನನಗೆ ಹೆಚ್ಚು ಹೊತ್ತು ಬೇಕಾಗಲಿಲ್ಲ. ಆ ದಂತವೈದ್ಯೆಯ ಸಾಮಾನನ್ನು ನಾವು ಇಳಿಸಿದ ಹೊಸ ಮನೆ, ಮಾವನ ಮನೆಯ ಹಿಂದಿನ ಬೀದಿಯಲ್ಲಿದೆ. ಮಾವನಿಗೆ ಇರುವುದು ಕಟ್ಟಿಸಿಕೊಂಡ ಹಲ್ಲು. ಕಟ್ಟಿದ ಹಲ್ಲು ಎಂದ ಮೇಲೆ ಅವರು ಅಲ್ಲಿಗೆ ಹೋಗಿದ್ದಾರೆ, ಬಾಯಿ ತೆರೆದಿದ್ದಾರೆ, ಮಾತು ಮಾತಲ್ಲಿ ಅಳಿಯನ ಕೆಲಸ ಬಂದಿದೆ, ಪಿಂಗಾಣಿ ಬಂದಿದೆ. ಮೊಮ್ಮಕ್ಕಳು ಪ್ಲಾಸ್ಟಿಕ್ ತಟ್ಟೆಯಲ್ಲಿ ಉಣ್ಣುವುದನ್ನು ಮಾವ ಕಣ್ಣಾರೆ ಕಂಡವರು. ಅಳಿಯ ಸುಳ್ಳುಗಾರ, ಮಕ್ಕಳಿಗೆ ಪ್ಲಾಸ್ಟಿಕ್ ತಿನ್ನಿಸುವವನು. ಬಾತುಕೋಳಿಯ ಕೊಕ್ಕು ಮಗನ ಹೊಟ್ಟೆಯಲ್ಲಿರುವುದಂತೂ ನಿಜ.

ಶನಿವಾರ ನಾನು ಎರಡೂ ಹಳದಿ ತಟ್ಟೆಗಳನ್ನು ಗಾಳಿಗುಳ್ಳೆಗಳ ಪ್ಲಾಸ್ಟಿಕ್ ಹಾಳೆಯಲ್ಲಿ ಏಳು ಸುತ್ತು ಸುತ್ತಿ, ಟೇಪು ಹಾಕಿ, ಅಟ್ಟದ ಮೂಲೆಯಲ್ಲಿ ಅಡಗಿಸಿಟ್ಟೆ.

ಭಾನುವಾರ ಹನ್ನೊಂದು ಗಂಟೆಗೆ ಮಾವ ಬಂದರು. ಕೈಯಲ್ಲಿ ದೊಡ್ಡ ಖಾಲಿ ಸೂಟ್‌ಕೇಸು. ಹಿಂದೆ ಸೆಕ್ರೆಟರಿ, ಎದೆಗವಚಿಕೊಂಡ ಆರು ಪೆಟ್ಟಿಗೆ. ಅವರ ಹಿಂದೆ ಫೈಲು ಹಿಡಿದ ಒಬ್ಬ ಹೆಂಗಸು. ತಾವು ಮಕ್ಕಳ ಕ್ಷೇಮ ನೋಡುವ ಕಚೇರಿಯವರು ಎಂದರು. ಬಾಗಿಲಲ್ಲಿ ಟೈಲರ್ ಅಕ್ಕ, ಕೊರಳಲ್ಲಿ ಟೇಪು. ಎಲ್ಲರೂ ಚಪ್ಪಲಿ ಹೊರಗೆ ಬಿಟ್ಟು ಒಳಗೆ ಬಂದರು. ಒಂದು ಪ್ಲಾಸ್ಟಿಕ್ ತಟ್ಟೆಗೆ ಇಷ್ಟು ಜನ ಬರುತ್ತಾರೆಂದು ನಾನು ಅಂದುಕೊಂಡಿರಲಿಲ್ಲ. ಏನೇ ಆಗಲಿ, ದನಿ ಎತ್ತುವುದಿಲ್ಲ ಎಂದು ಹಲ್ಲು ಕಚ್ಚಿದೆ.

"ಬಟ್ಟೆ ತುಂಬು," ಅಂದರು ಮಾವ, ಮಗಳಿಗೆ.

"ಯಾಕಪ್ಪ? ಅಮ್ಮನಿಗೆ ಹುಷಾರಿಲ್ವಾ?"

"ನಿನಗೆ ಹುಷಾರಿಲ್ಲ. ತುಂಬು."

ಕಚೇರಿಯ ಮೇಡಂ ಮಾವನನ್ನು ಕೈಸನ್ನೆಯಿಂದ ತಡೆದು ನನ್ನ ಎದುರು ಕೂತರು. ಹೆಂಡತಿ ಎಲ್ಲರಿಗೂ ಪಿಂಗಾಣಿ ಕಪ್ಪಿನಲ್ಲಿ ಚಹಾ ಕೊಟ್ಟಳು. ಮೇಡಂ ಮೆತ್ತಗೆ ಕೇಳಿದರು, "ಇದು ಎಷ್ಟು ದಿನದಿಂದ ನಡೀತಿದೆ?"

ನಾನು ತಲೆ ತಗ್ಗಿಸಿದೆ. "ದೊಡ್ಡೋಳಿಗೆ ಹಲ್ಲು ಬಂದಾಗಿನಿಂದ ಮೇಡಂ. ನಾಲ್ಕೈದು ವರ್ಷ ಆಯ್ತು."

ಟೈಲರ್ ಅಕ್ಕ ಬಾಯಿಗೆ ಸೆರಗು ಒತ್ತಿಕೊಂಡರು.

"ತಪ್ಪು ಅಂತ ಅನ್ಸಲಿಲ್ವಾ?"

"ಎಲ್ಲರ ಮನೇಲೂ ಇರುತ್ತಲ್ಲ ಅನ್ಕೊಂಡೆ. ಆದ್ರೆ ನನ್ನಂಥವನ ಮನೇಲಿ ಇರಬಾರದಿತ್ತು. ಈಗ ಬಿಟ್ಟಿದ್ದೀನಿ. ಹನ್ನೆರಡು ದಿನ ಆಯ್ತು, ಮುಟ್ಟಿಲ್ಲ."

"ಹನ್ನೆರಡು ದಿನದಿಂದ ತಾನೇ ಜಾಸ್ತಿ ಆಗಿರೋದು," ಅಂದರು ಸೆಕ್ರೆಟರಿ, ಪೆಟ್ಟಿಗೆಗಳ ತಾರೀಖು ತೋರಿಸುತ್ತ.

"ನೀವು ಸುಮ್ನಿರಿ," ಎಂದು ಸೆಕ್ರೆಟರಿಗೆ ಹೇಳಿ, ನನ್ನ ಕಡೆ ತಿರುಗಿ, "ಅದನ್ನ ಈಗ ಎಲ್ಲಿಟ್ಟಿದ್ದೀರಿ?" ಅಂದರು ಮೇಡಂ. ನಾನು 'ಮುಟ್ಟಿಲ್ಲ' ಅಂದದ್ದು ಅವರ ಕಿವಿಗೆ ಬಾಟಲಿಯ ಮಾತಾಗಿ ಬಿದ್ದಿತ್ತು.

"ಅಟ್ಟದ ಮೇಲೆ. ಸುತ್ತಿ ಅಡಗಿಸಿದ್ದೀನಿ."

"ತೋರಿಸಿ."

"ಬೇಡ ಮೇಡಂ. ಮಕ್ಕಳು ನೋಡಿದ್ರೆ ಮತ್ತೆ ಅಳ್ತಾರೆ."

ಮೇಡಂ ಪೆನ್ನು ತೆಗೆದು ಬಹಳ ಹೊತ್ತು ಬರೆದರು. ಹೆಂಡತಿ ನನ್ನನ್ನು ನೋಡಿದಳು, ಮೇಡಂ ಅವರನ್ನು ನೋಡಿದಳು. ಅವಳಿಗೆ ನಗು ಬರಲು ಶುರುವಾಗಿತ್ತು. ನಗು ತಡೆದರೆ ಅವಳ ಭುಜ ಅಲುಗುತ್ತದೆ, ಕಣ್ಣಲ್ಲಿ ನೀರು ಬರುತ್ತದೆ. ಹಿಂದಿನಿಂದ ನೋಡಿದ ಟೈಲರ್ ಅಕ್ಕ ಬಂದು ಅವಳನ್ನು ತಬ್ಬಿಕೊಂಡು ತಾವೂ ಅತ್ತರು.

ಮಾವ ಇನ್ನು ಕಾಯಲಿಲ್ಲ. ತಾವೇ ಬೀರು ತೆಗೆದು ಬಟ್ಟೆಗಳನ್ನು ಮುದ್ದೆ ಮಾಡಿ ಸೂಟ್‌ಕೇಸಿಗೆ ತುರುಕತೊಡಗಿದರು. ಸೀರೆಯ ಮೇಲೆ ಚಪ್ಪಲಿ. ಚಪ್ಪಲಿಯ ಮೇಲೆ ಕನ್ನಡಿ. ಕನ್ನಡಿಯ ಮೇಲೆ ಮಗನ ಮರದ ಲಾರಿ. ನಾನು ಎಲ್ಲವನ್ನೂ ಸಹಿಸಿಕೊಂಡೆ. ಆ ಕನ್ನಡಿ ನೋಡಿದಾಗ ಸಹಿಸಲಾಗಲಿಲ್ಲ.

"ಪಕ್ಕಕ್ಕೆ ಸರೀರಿ ಮಾವ," ಅಂದೆ. "ಹೀಗಾ ತುಂಬೋದು? ಭಾರದ್ದು ಕೆಳಗೆ. ಕನ್ನಡಿ ನಡುವೆ, ಮೆತ್ತನೆ ಬಟ್ಟೆ ಎರಡು ಕಡೆ." ಎಲ್ಲವನ್ನೂ ಹೊರಗೆ ತೆಗೆದು, ಮಡಿಸಿ, ಸುರುಳಿ ಸುತ್ತಿ, ಒಂದು ಬೆರಳು ತೂರದ ಹಾಗೆ ತುಂಬಿದೆ. ಮಕ್ಕಳ ಬಟ್ಟೆ ಮೇಲೆ, ದಾರಿಯಲ್ಲಿ ಬೇಕಾದರೆ ಸಿಗಲೆಂದು. ಎಷ್ಟು ಸಿಟ್ಟು ಬಂದಿತ್ತೆಂದರೆ ಐದೇ ನಿಮಿಷದಲ್ಲಿ ಮುಗಿಯಿತು. ಬೀಗ ಹಾಕಿದ ಮೇಲೆ ತಿಳಿಯಿತು, ನನ್ನ ಹೆಂಡತಿ ಮಕ್ಕಳನ್ನು ಮನೆಯಿಂದ ಕಳಿಸಲು ನಾನೇ ಕಟ್ಟಿಕೊಟ್ಟಿದ್ದೇನೆಂದು.

"ನೋಡಿದ್ರಾ ಮೇಡಂ," ಎಂದು ಮಾವ ಕೈ ಬೀಸಿದರು. "ತಾನೇ ತುಂಬಿಕೊಟ್ಟ."

ಬೀಸಿದ ಕೈ ಮೇಜಿನ ಮೇಲಿನ ಕಪ್ಪಿಗೆ ತಾಗಿತು. ಕಪ್ ನೆಲಕ್ಕೆ ಬಿದ್ದು ನಾಲ್ಕು ದಿಕ್ಕಿಗೆ ಸಿಡಿಯಿತು.

ನಾನು ಬಾಯಿ ಬಿಡಲಿಲ್ಲ. ಆದರೆ ಮಗಳು ಒಂದು ಕಾಲು ಮುಂದಿಟ್ಟವಳು ಹಾಗೇ ನಿಂತಳು. ಮಗ ಮೂಗಿನಲ್ಲಿಟ್ಟ ಬೆರಳು ಮೂಗಿನಲ್ಲೇ ನಿಂತಿತು. ಹೆಂಡತಿ ಟೈಲರ್ ಅಕ್ಕನ ತೋಳಿನಲ್ಲಿ ಕಲ್ಲಾದಳು. ಮೂವರ ಕಣ್ಣೂ ನನ್ನ ಮೇಲೆ. ಹೊರಗಿನವರು ನೋಡಿದರೆ ಹುಲಿ ಕಂಡ ಜಿಂಕೆಗಳು. ಮೇಡಂ ಮುಖ ಬಿಳುಚಿತು. "ಅಯ್ಯೋ ಮಕ್ಕಳೇ," ಎನ್ನುತ್ತ ಅವರು ಏಳಹೋದರು. ಮಾವ ಬರಿಗಾಲಲ್ಲಿ ಮೊಮ್ಮಗನ ಕಡೆ ಕಾಲೆತ್ತಿದರು.

"ತಾತ, ಅಲ್ಲಾಡಬೇಡಿ," ಅಂದಳು ಮಗಳು, ತುಟಿ ಬಿಟ್ಟು ಬೇರೇನೂ ಅಲುಗಿಸದೆ. "ಕಾಲಿಗೆ ಚೂರು ಚುಚ್ಚುತ್ತೆ. ಅಪ್ಪ ಗುಡಿಸಿ ಆಯ್ತು ಅಂದ್ಮೇಲೆ ಅಲ್ಲಾಡೋದು. ಆಂಟಿ, ನೀವೂ."

ಅವಳ ದನಿ ಥೇಟ್ ನಮ್ಮ ಮೇಸ್ತ್ರಿಯದು. ಮಾವನ ಕಾಲು ಗಾಳಿಯಲ್ಲೇ ನಿಂತಿತು. ಮೇಡಂ ಅರ್ಧ ಎದ್ದವರು ಅರ್ಧದಲ್ಲೇ ಉಳಿದರು. ಸೆಕ್ರೆಟರಿ ಆರು ಪೆಟ್ಟಿಗೆ ಅಪ್ಪಿಕೊಂಡು ಗೋಡೆಗೆ ಒರಗಿದರು. ನಾನು ಚಪ್ಪಲಿ ಹಾಕಿ, ಪೊರಕೆ ತಂದು, ಸರಕಾರದ ಕಾಲುಗಳ ನಡುವೆ ಗುಡಿಸತೊಡಗಿದೆ.

"ದಿನಾ ಹೀಗೇ ಮಾಡ್ತೀರಾ ಪುಟ್ಟಿ?" ಮೇಡಂ ಬಗ್ಗಿದಲ್ಲಿಂದಲೇ ಕೇಳಿದರು.

"ತಟ್ಟೆ ಒಡೆದ ದಿನ ಮಾತ್ರ. ಈಗ ನಾವು ಒಡೆಯಲ್ಲ. ದೊಡ್ಡೋರು ಒಡೀತಾರೆ."

"ಅಪ್ಪ ಕೂಗ್ತಾರಾ?"

"ತುಂಬಾ ಕೂಗ್ತಾರೆ."

"ಕೂಗಿ ಆದ್ಮೇಲೆ, ಒಡೆದವರಿಗೆ ಏನು ಮಾಡ್ತಾರೆ?"

ಮಗಳಿಗೆ ಈ ಪ್ರಶ್ನೆಯೇ ಅರ್ಥವಾಗಲಿಲ್ಲ. "ಏನು ಮಾಡ್ತಾರೆ? ಬೇರೆ ತಟ್ಟೆ ಕೊಡ್ತಾರೆ."

ಹಿಟ್ಟಿನ ಉಂಡೆಯನ್ನು ನೆಲಕ್ಕೆಲ್ಲ ಒತ್ತಿ ಮುಗಿಸಿದೆ. "ಆಯ್ತು," ಅಂದೆ. ಎಲ್ಲರೂ ಉಸಿರು ಬಿಟ್ಟರು. ಹೆಂಡತಿ ಮಾತ್ರ ಇಷ್ಟು ಹೊತ್ತು ತಡೆದದ್ದನ್ನು ತಡೆಯಲಾರದೆ ನೆಲಕ್ಕೆ ಕೂತು ನಕ್ಕಳು. ಆಮೇಲೆ ಅಟ್ಟದಿಂದ ಗಂಟು ಇಳಿಯಿತು, ಏಳು ಸುತ್ತು ಬಿಚ್ಚಿತು, ಬಾತುಕೋಳಿಗಳು ಹೊರಬಂದವು. ಮಗ ಕಚ್ಚಿದ ಕೊಕ್ಕಿನ ಮೇಲೆ ಮೇಡಂ ಬೆರಳಾಡಿಸಿ ನೋಡಿದರು. ಬರೆದ ಹಾಳೆಗೆ ಅಡ್ಡಗೆರೆ ಎಳೆದರು. "ನಿಮ್ಮ ಗಂಟಲು ಸ್ವಲ್ಪ ಇಳಿಸಿ," ಎಂದು ನನಗೆ ಹೇಳಿ, "ಮುಂದೆಯೂ ಹೀಗೇನಾದ್ರೂ ಕೇಳಿದ್ರೆ ತಿಳಿಸಿ, ನೀವು ಮಾಡಿದ್ದು ಸರಿ," ಎಂದು ಟೈಲರ್ ಅಕ್ಕನಿಗೆ ಹೇಳಿ ಹೊರಟರು. ಅಂಗಿ ಹೊಲಿಸಲು ಕೊಟ್ಟಾಗ ಮಾವ ಬಿಟ್ಟುಹೋಗಿದ್ದ ನಂಬರಿಗೆ ಫೋನ್ ಮಾಡಿದ್ದ ಟೈಲರ್ ಅಕ್ಕ ನನಗೆ ಮುಖ ಕೊಡದೆ, ಫ್ರಾಕು ಮಂಗಳವಾರ ಸಿಗುತ್ತದೆ ಎಂದರು.

ಮಾವ ಮಾತ್ರ ಎದ್ದಿರಲಿಲ್ಲ.

"ದೂರು ಸುಳ್ಳಾಯ್ತಲ್ಲ ಅಪ್ಪ," ಅಂದಳು ಹೆಂಡತಿ.

"ದೂರು ಸುಳ್ಳು. ಕೂಗೋದು ನಿಜ," ಅಂದರು ಮಾವ. "ಒಂದು ಕಡೆ ಇಳಿದದ್ದು ಇನ್ನೊಂದು ಕಡೆ ಏರಿದೆ. ಮಕ್ಕಳನ್ನ ಬುಧವಾರದವರೆಗೂ ನನ್ನ ಹತ್ರ ಇಟ್ಕೊಂಡು ನೋಡ್ತೀನಿ. ಆಮೇಲೆ ವಾಪಸ್ ಕಳಿಸ್ಬೇಕೋ ಬೇಡ್ವೋ ತೀರ್ಮಾನ ಮಾಡ್ತೀನಿ."

ನನ್ನ ಬಾಯಿಗೆ ಬಂದ ಮಾತು ಹತ್ತಿರದಲ್ಲಿದ್ದ ಯಾರಿಗೂ ಒಳ್ಳೆಯದಾಗಿರಲಿಲ್ಲ. ನುಂಗಿದೆ. ಹೆಂಡತಿ ಸೂಟ್‌ಕೇಸನ್ನು ಎತ್ತಿ ನೋಡಿ, "ಹೇಗೂ ಇಷ್ಟು ಚೆನ್ನಾಗಿ ತುಂಬಿದ್ದೀರಿ. ಬಿಚ್ಚೋಕೆ ಮನಸ್ಸು ಬರಲ್ಲ," ಅಂದಳು. ಅವಳು ತಮಾಷೆ ಮಾಡುತ್ತಿದ್ದಾಳೋ, ನಿಜವಾಗಿ ಹೇಳುತ್ತಿದ್ದಾಳೋ ತಿಳಿಯಲಿಲ್ಲ. ಮಕ್ಕಳ ಕೈ ಹಿಡಿದು ತಾನೂ ಹೊರಟವಳು ಬಾಗಿಲಲ್ಲಿ ನಿಂತು, "ಮಕ್ಕಳ ಪಿಂಗಾಣಿ ತಟ್ಟೆ ಎರಡು ಕಟ್ಟಿಕೊಡಿ," ಅಂದಳು. ಕಟ್ಟಿಕೊಟ್ಟೆ.

ಭಾನುವಾರ, ಸೋಮವಾರ ಮನೆಯಲ್ಲಿ ಏನೂ ಬೀಳಲಿಲ್ಲ. ಬೀಳಿಸುವವರೇ ಇರಲಿಲ್ಲ. ಎರಡು ದಿನವೂ ನಾನು ಫೋನನ್ನು ಅಂಗಿಯ ಜೇಬಿನಿಂದ ಪ್ಯಾಂಟಿಗೆ, ಪ್ಯಾಂಟಿನಿಂದ ಅಂಗಿಗೆ ಬದಲಾಯಿಸಿದೆ. ಮಂಗಳವಾರ ಒಬ್ಬ ವಕೀಲರ ಮನೆಯಲ್ಲಿ ಗಾಜಿನ ದೀಪ ಸುತ್ತುತ್ತಿದ್ದೆ. ಸುತ್ತಿದ್ದನ್ನೇ ಬಿಚ್ಚಿ ಸುತ್ತಿ, ಟೇಪನ್ನು ನನ್ನ ಬೆರಳಿಗೇ ಅಂಟಿಸಿಕೊಂಡೆ. ಮೇಸ್ತ್ರಿ ದೀಪವನ್ನು ನನ್ನ ಕೈಯಿಂದ ತೆಗೆದುಕೊಂಡು, "ನೀನು ದಿಂಬು ಕಟ್ಟು," ಅಂದ. ಏಳು ವರ್ಷದ ಮರ್ಯಾದೆ ದಿಂಬಿಗೆ ಇಳಿದ ಆ ಹೊತ್ತಿಗೆ, ಮಧ್ಯಾಹ್ನ ಒಂದೂಕಾಲಿಗೆ, ಫೋನ್ ಬಂತು. ಮಾವ. ಆರು ವರ್ಷದಲ್ಲಿ ಅವರು ನನಗೆ ಫೋನ್ ಮಾಡಿದ್ದು ಇದೇ ಮೊದಲು. ಒಂದು ದಿನ ಮೊದಲೇ ತೀರ್ಮಾನ ಆಗಿಬಿಟ್ಟಿತು ಅಂದುಕೊಂಡೆ.

"ಎಲ್ಲಿದ್ದೀಯ?" ದನಿ ಬಹಳ ಮೆಲ್ಲಗಿತ್ತು.

"ಕೆಲಸದಲ್ಲಿ ಮಾವ."

"ಎಷ್ಟು ಹೊತ್ತಿಗೆ ಇಲ್ಲಿಗೆ ಬರೋಕಾಗುತ್ತೆ?"

"ಯಾಕೆ ಮಾವ, ಮಕ್ಕಳಿಗೆ ಏನಾಯ್ತು?"

"ಮಕ್ಕಳಿಗೆ ಏನಾಗುತ್ತೆ. ಒಂದು ಬಟ್ಟಲು ಬಿತ್ತು. ದೊಡ್ಡದು, ಗಾಜಿಂದು. ಎಲ್ಲಾ ಕಡೆ ಹೋಗಿದೆ. ಯಾರು ಬೀಳಿಸಿದ್ದು ಅನ್ನೋದು ಮುಖ್ಯ ಅಲ್ಲ."

ಬೀಳಿಸಿದ್ದು ಯಾರೆಂದು ನನಗೆ ಗೊತ್ತಾಯಿತು. "ಮತ್ತೆ?"

"ಮತ್ತೇನು. ನಿನ್ನ ಮಗಳು ಕೂಗಿದಳು. ಹದಿನೈದು ನಿಮಿಷದಿಂದ ನಿಂತಿದ್ದೀವಿ. ನಿಮ್ಮತ್ತೆ ಒಂದೇ ಕಾಲಲ್ಲಿ ನಿಂತಿದ್ದಾಳೆ. ನಾನು ಸ್ವಲ್ಪ ಕಾಲೆತ್ತಿದರೆ ನಿನ್ನ ಮಗ ಗುರ್ರ್ ಅಂತಾನೆ."

"ನಿಮ್ಮ ಮಗಳಿಗೆ ಎಲ್ಲಾ ಗೊತ್ತಲ್ಲ ಮಾವ. ಅವಳು ಗುಡಿಸ್ತಾಳೆ."

"ಅವಳೂ ನಿಂತಿದ್ದಾಳೆ. ಪೊರಕೆ ಎರಡಡಿ ದೂರದಲ್ಲಿದೆ, ಮುಟ್ಟಲ್ಲ ಅಂತಾಳೆ. ಗುಡಿಸೋದು, ಆಯ್ತು ಅನ್ನೋದು ಎರಡೂ ನಿನ್ನ ಕೆಲಸವಂತೆ. ನಿನ್ನನ್ನೇ ಕರೀಬೇಕಂತೆ." ಹಿಂದೆ ಯಾರೋ ನಗು ತಡೆಯುವ ಸದ್ದು ಕೇಳಿಸಿತು. ಆ ಸದ್ದು ನನಗೆ ಚೆನ್ನಾಗಿ ಪರಿಚಯ.

"ಬಸ್ಸಲ್ಲಿ ಒಂದು ಗಂಟೆ ಆಗುತ್ತೆ ಮಾವ."

ಬದುಕಿಡೀ ತೂಗಿದವರು ಕೊನೆಯ ಸಲ ತೂಗಿರಬೇಕು.

"ಬಾ," ಅಂದರು. "ಬಂದವನು ರಾತ್ರಿ ಇಲ್ಲೇ ಉಳ್ಕೋ. ಬೆಳಿಗ್ಗೆ ಎಲ್ಲರನ್ನೂ ಕರ್ಕೊಂಡು ಹೋಗು."

ನಾನು ದಿಂಬನ್ನು ಮೇಸ್ತ್ರಿಯ ಕೈಗೆ ಕೊಟ್ಟು ಬಸ್ಸಿಗೆ ಓಡಿದೆ. ಬಸ್ಸು ಖಾಲಿ ಇತ್ತು. ಕಂಡಕ್ಟರ್ ಎರಡು ಸಲ, ಕೂತ್ಕೊಳ್ಳಿ, ಅಂದ. ಅಲ್ಲಿ ಐದು ಜನ ನಿಂತಿರುವಾಗ ನಾನು ಕೂರುವುದು ಸರಿ ಕಾಣಲಿಲ್ಲ. ಊರು ಬರುವವರೆಗೂ ನಿಂತೇ ಹೋದೆ.